ಸಿಜಿಪಿಎ ಲೆಕ್ಕ ಮತ್ತು ಶೇಕಡಾ ಪರಿವರ್ತನೆ: ಮಾರ್ಕ್ಸ್ ಕಾರ್ಡ್ ಮುಂದಿಟ್ಟುಕೊಂಡು ಓದುವ ಸಮಗ್ರ ಮಾರ್ಗದರ್ಶಿ

ಫೈನಲ್ ಇಯರ್ ಬಂತೆಂದರೆ ಕ್ಲಾಸಿನ ವಾಟ್ಸಾಪ್ ಗುಂಪಿನಲ್ಲಿ ಈ ಪ್ರಶ್ನೆ ತಪ್ಪದೆ ಬರುತ್ತದೆ: "7.63 ಸಿಜಿಪಿಎ ಅಂದ್ರೆ ಎಷ್ಟು ಪರ್ಸೆಂಟೇಜು?" ಹತ್ತರಿಂದ ಗುಣಿಸು, 76.3 ಅನ್ನುತ್ತಾರೆ ಒಬ್ಬರು. 9.5ರಿಂದ ಗುಣಿಸಬೇಕು, 72.49 ಅನ್ನುತ್ತಾರೆ ಇನ್ನೊಬ್ಬರು. ಮೂರನೆಯವರು 0.75 ಕಳೆದು ಹತ್ತರಿಂದ ಗುಣಿಸಿ 68.8 ಅನ್ನುತ್ತಾರೆ. ಹೆಚ್ಚು ಬಂದದ್ದನ್ನೇ ಫಾರ್ಮಿನಲ್ಲಿ ತುಂಬುವ ಆಸೆ ಎಲ್ಲರಿಗೂ ಇರುತ್ತದೆ. ತೊಂದರೆ ಗೊತ್ತಾಗುವುದು ದಾಖಲೆ ಪರಿಶೀಲನೆಯ ದಿನ.

ಈ ಮೂರು ಸೂತ್ರಗಳೂ ಎಲ್ಲೋ ಒಂದು ಕಡೆ ಸರಿಯಾದವೇ. ನಿಮಗೆ ಯಾವುದು ಸರಿ ಎಂಬುದನ್ನು ಗಣಿತ ಹೇಳುವುದಿಲ್ಲ, ನಿಮ್ಮ ವಿಶ್ವವಿದ್ಯಾಲಯದ ನಿಯಮಾವಳಿ ಹೇಳುತ್ತದೆ. ಎಸ್‌ಜಿಪಿಎ (ಒಂದು ಸೆಮಿಸ್ಟರಿನ ಗ್ರೇಡ್ ಪಾಯಿಂಟ್ ಸರಾಸರಿ), ಸಿಜಿಪಿಎ (ಎಲ್ಲ ಸೆಮಿಸ್ಟರ್ ಸೇರಿದ ಸರಾಸರಿ) ಲೆಕ್ಕ ಹಾಕುವುದು ಶುದ್ಧ ಅಂಕಗಣಿತ. ಅದನ್ನು ಶೇಕಡಾ ಮಾಡುವುದು ಮಾತ್ರ ಒಂದು ಒಪ್ಪಂದ. ಈ ಎರಡನ್ನೂ ಬೇರೆ ಬೇರೆಯಾಗಿ ನೋಡಿದರೆ ಗೊಂದಲದ ಮುಕ್ಕಾಲು ಭಾಗ ಅಲ್ಲೇ ಕರಗುತ್ತದೆ. ಮೊದಲು ಅಂಕಗಣಿತ ಮುಗಿಸೋಣ.

## ಮಾರ್ಕ್ಸ್ ಕಾರ್ಡಿನಲ್ಲಿ ಏನೇನು ಹುಡುಕಬೇಕು

ಒಂದು ಸೆಮಿಸ್ಟರಿನ ಕಾರ್ಡ್ ತೆಗೆದುಕೊಳ್ಳಿ. ಪ್ರತಿ ವಿಷಯದ ಮುಂದೆ ನಿಮಗೆ ಬೇಕಾದದ್ದು ಎರಡೇ: ಆ ವಿಷಯದ ಕ್ರೆಡಿಟ್ ಮತ್ತು ನಿಮಗೆ ಸಿಕ್ಕ ಗ್ರೇಡ್ ಪಾಯಿಂಟ್. ಕ್ರೆಡಿಟ್ ಎಂದರೆ ಆ ವಿಷಯದ ತೂಕ. ವಾರಕ್ಕೆ ಒಂದು ಗಂಟೆಯ ಪಾಠಕ್ಕೆ ಒಂದು ಕ್ರೆಡಿಟ್, ಎರಡು ಗಂಟೆಯ ಲ್ಯಾಬ್‌ಗೆ ಒಂದು ಕ್ರೆಡಿಟ್ ಎಂಬುದು ಸಾಮಾನ್ಯ ಪದ್ಧತಿ. ಗ್ರೇಡ್ ಪಾಯಿಂಟ್ ಎಂದರೆ ಇಂಟರ್ನಲ್ಸ್ ಮತ್ತು ಪರೀಕ್ಷೆಯ ಅಂಕ ಕೂಡಿ ಬಂದ ಮೊತ್ತ ಯಾವ ಮೆಟ್ಟಿಲ ಮೇಲೆ ನಿಂತಿದೆ ಎಂಬುದರ ಗುರುತು.

ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ತನ್ನ ಸಿಬಿಸಿಎಸ್ (ಆಯ್ಕೆ ಆಧಾರಿತ ಕ್ರೆಡಿಟ್ ಪದ್ಧತಿ) ಮಾರ್ಗಸೂಚಿಯಲ್ಲಿ ಶಿಫಾರಸು ಮಾಡಿದ ಹತ್ತು ಅಂಶಗಳ ಶ್ರೇಣಿ ಹೀಗಿದೆ: ಓ ಗ್ರೇಡ್‌ಗೆ 10, ಎ+ ಗೆ 9, ಎ ಗೆ 8, ಬಿ+ ಗೆ 7, ಬಿ ಗೆ 6, ಸಿ ಗೆ 5, ಪಿ ಗೆ 4, ಎಫ್ ಬಂದರೂ ಗೈರುಹಾಜರಾದರೂ ಸೊನ್ನೆ. ಯಾವ ಅಂಕಕ್ಕೆ ಯಾವ ಗ್ರೇಡ್ ಎಂಬುದನ್ನು ಆಯಾ ವಿಶ್ವವಿದ್ಯಾಲಯ ನಿರ್ಧರಿಸುತ್ತದೆ. ಈ ಲೇಖನದ ಉದಾಹರಣೆಗೆ ಎಂಜಿನಿಯರಿಂಗ್‌ನಲ್ಲಿ ಹೆಚ್ಚು ಕಾಣುವ ಈ ಮೆಟ್ಟಿಲುಗಳನ್ನು ಇಟ್ಟುಕೊಳ್ಳುತ್ತೇನೆ: 90 ಮತ್ತು ಮೇಲೆ 10, 80ರಿಂದ 89ಕ್ಕೆ 9, 70ರಿಂದ 79ಕ್ಕೆ 8, 60ರಿಂದ 69ಕ್ಕೆ 7, 55ರಿಂದ 59ಕ್ಕೆ 6, 50ರಿಂದ 54ಕ್ಕೆ 5, 40ರಿಂದ 49ಕ್ಕೆ 4. ಹಳೆಯ ಸ್ಕೀಮ್‌ನ (ಪ್ರವೇಶದ ವರ್ಷಕ್ಕೆ ತಕ್ಕ ಪಠ್ಯಕ್ರಮ ಮತ್ತು ನಿಯಮಾವಳಿ) ಕಾರ್ಡಿನಲ್ಲಿ ಅಕ್ಷರಗಳು ಬೇರೆಯಿರಬಹುದು, ‘ಎಸ್’ ಎಂಬ ಗ್ರೇಡೂ ಕಾಣಬಹುದು. ಅಕ್ಷರದ ಗೊಡವೆ ಬೇಡ, ಪಾಯಿಂಟ್ ಅಂಕಣ ನೋಡಿ ಸಾಕು.

## ಎಸ್‌ಜಿಪಿಎ: ಒಂದು ಸೆಮಿಸ್ಟರಿನ ಲೆಕ್ಕ

ಕ್ರಮ ಸರಳ. ಪ್ರತಿ ವಿಷಯದ ಕ್ರೆಡಿಟ್ಟನ್ನು ಅದರ ಗ್ರೇಡ್ ಪಾಯಿಂಟಿನಿಂದ ಗುಣಿಸಿ. ಬಂದ ಗುಣಲಬ್ಧಗಳನ್ನೆಲ್ಲ ಕೂಡಿಸಿ. ಆ ಮೊತ್ತವನ್ನು ಒಟ್ಟು ಕ್ರೆಡಿಟ್‌ಗಳಿಂದ ಭಾಗಿಸಿ. ಮೂರನೇ ಸೆಮಿಸ್ಟರಿನ ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿನಿಯೊಬ್ಬಳ ಕಾರ್ಡ್ ಹೀಗಿದೆ ಎಂದುಕೊಳ್ಳಿ:

| ವಿಷಯ | ಕ್ರೆಡಿಟ್ | ಅಂಕ | ಗ್ರೇಡ್ ಪಾಯಿಂಟ್ | ಕ್ರೆಡಿಟ್ × ಪಾಯಿಂಟ್ |
|---|---|---|---|---|
| ಗಣಿತ | 4 | 72 | 8 | 32 |
| ಡೇಟಾ ಸ್ಟ್ರಕ್ಚರ್ಸ್ | 4 | 68 | 7 | 28 |
| ಡಿಜಿಟಲ್ ಎಲೆಕ್ಟ್ರಾನಿಕ್ಸ್ | 3 | 81 | 9 | 27 |
| ಕಂಪ್ಯೂಟರ್ ಆರ್ಗನೈಸೇಶನ್ | 3 | 59 | 6 | 18 |
| ಆಪರೇಟಿಂಗ್ ಸಿಸ್ಟಮ್ಸ್ | 3 | 60 | 7 | 21 |
| ಡೇಟಾ ಸ್ಟ್ರಕ್ಚರ್ಸ್ ಲ್ಯಾಬ್ | 1 | 94 | 10 | 10 |
| ಎಲೆಕ್ಟ್ರಾನಿಕ್ಸ್ ಲ್ಯಾಬ್ | 1 | 88 | 9 | 9 |
| ಕನ್ನಡ | 1 | 91 | 10 | 10 |
| ಒಟ್ಟು | 20 | 613 | | 155 |

155 ÷ 20 = 7.75. ಇದೇ ಆ ಸೆಮಿಸ್ಟರಿನ ಎಸ್‌ಜಿಪಿಎ. ಎರಡು ದಶಮಾಂಶ ಸ್ಥಾನಕ್ಕೆ ನಿಲ್ಲಿಸುವುದು ರೂಢಿ.

ಇಲ್ಲಿ ತೀರಾ ಸಾಮಾನ್ಯವಾದ ತಪ್ಪೆಂದರೆ ಕ್ರೆಡಿಟ್ ಮರೆತು ಎಂಟು ಗ್ರೇಡ್ ಪಾಯಿಂಟುಗಳನ್ನು ಕೂಡಿಸಿ ಎಂಟರಿಂದ ಭಾಗಿಸುವುದು. ಹಾಗೆ ಮಾಡಿದರೆ 66 ÷ 8 = 8.25 ಬರುತ್ತದೆ, ಅಂದರೆ ಅರ್ಧ ಪಾಯಿಂಟ್ ಜಾಸ್ತಿ. ಒಂದು ಕ್ರೆಡಿಟ್‌ನ ಲ್ಯಾಬ್‌ಗಳಲ್ಲಿ ಎಲ್ಲರಿಗೂ ಒಂಬತ್ತು, ಹತ್ತು ಬರುವುದು ಹೊಸತೇನಲ್ಲ. ನಾಲ್ಕು ಕ್ರೆಡಿಟ್‌ನ ಗಣಿತಕ್ಕೆ ಅವೂ ಸಮ ಎಂದು ಎಣಿಸಿದರೆ ಲೆಕ್ಕ ಉಬ್ಬುತ್ತದೆ.

ವಿಷಯಗಳು ಜಾಸ್ತಿಯಿದ್ದರೆ ಎಕ್ಸೆಲ್ ಅಥವಾ ಗೂಗಲ್ ಶೀಟ್ಸ್‌ನಲ್ಲಿ ಕ್ರೆಡಿಟ್ ಒಂದು ಕಾಲಮ್, ಪಾಯಿಂಟ್ ಇನ್ನೊಂದು ಕಾಲಮ್ ಹಾಕಿ ‘ಸಮ್‌ಪ್ರಾಡಕ್ಟ್’ ಫಂಕ್ಷನ್ ಬಳಸಿ. ಬಂದದ್ದನ್ನು ಕ್ರೆಡಿಟ್ ಕಾಲಮಿನ ಮೊತ್ತದಿಂದ ಭಾಗಿಸಿದರೆ ಮುಗಿಯಿತು. ಮೊಬೈಲಿನಲ್ಲಿ ಸಿಗುವ ‘ಸಿಜಿಪಿಎ ಕ್ಯಾಲ್ಕುಲೇಟರ್’ ಆ್ಯಪ್‌ಗಳ ಮೇಲೆ ನನಗೆ ಅಷ್ಟು ನಂಬಿಕೆಯಿಲ್ಲ. ಅವು ಯಾವ ಸ್ಕೀಮ್‌ನ ಕ್ರೆಡಿಟ್ ಹಿಡಿದಿವೆ ಎಂಬುದು ಬಹಳ ಸಲ ಒಳಗೆಲ್ಲೋ ಅಡಗಿರುತ್ತದೆ.

### ಎಫ್ ಬಂದ ವಿಷಯ ಇದ್ದರೆ

ಇದೇ ವಿದ್ಯಾರ್ಥಿನಿ ಕಂಪ್ಯೂಟರ್ ಆರ್ಗನೈಸೇಶನ್‌ನಲ್ಲಿ ಫೇಲಾಗಿದ್ದಾಳೆ ಅಂದುಕೊಳ್ಳಿ. ಮೇಲಿನ ಮೊತ್ತದಲ್ಲಿ 18 ಹೋಗಿ 137 ಉಳಿಯುತ್ತದೆ. ಈಗ ಭಾಗಿಸಬೇಕಾದದ್ದು 20ರಿಂದಲೋ 17ರಿಂದಲೋ? 20ರಿಂದ ಭಾಗಿಸಿದರೆ 6.85, 17ರಿಂದ ಭಾಗಿಸಿದರೆ 8.06. ಫೇಲಾದ ಮೇಲೆ ಸರಾಸರಿ ಏರಿತು ಅಂದರೆ ನಗೆಪಾಟಲಾದೀತು, ಆದರೆ ಎರಡು ವಿಧಾನವೂ ಬಳಕೆಯಲ್ಲಿವೆ. ಎಸ್‌ಜಿಪಿಎಗೆ ನೋಂದಾಯಿಸಿದ ಎಲ್ಲ ಕ್ರೆಡಿಟ್‌ಗಳನ್ನೂ ಹಿಡಿದು, ಸಿಜಿಪಿಎಗೆ ಮಾತ್ರ ಎಫ್ ವಿಷಯಗಳನ್ನು ಬಿಡುವ ನಿಯಮಾವಳಿಗಳಿವೆ. ಹಾಗಾಗಿ ಬ್ಯಾಕ್ (ಪಾಸಾಗದೆ ಉಳಿದ ವಿಷಯ) ಇರುವವರು ಕಾರ್ಡಿನಲ್ಲಿ ಅಚ್ಚಾದ ಸಂಖ್ಯೆಗೂ ತಮ್ಮ ಲೆಕ್ಕಕ್ಕೂ ತಾಳೆ ಬರಲಿಲ್ಲವೆಂದು ಗಾಬರಿಯಾಗುವ ಮೊದಲು ಛೇದದಲ್ಲಿ ಯಾವ ಕ್ರೆಡಿಟ್‌ಗಳಿವೆ ಎಂದು ನೋಡಬೇಕು. ಬ್ಯಾಕ್ ಕ್ಲಿಯರ್ ಆದ ಮೇಲೆ ಹೊಸ ಗ್ರೇಡ್ ಹಳೆಯದರ ಜಾಗಕ್ಕೆ ಬರುತ್ತದೆ. ಆಗ ಆ ಸೆಮಿಸ್ಟರಿನ ಲೆಕ್ಕವನ್ನು ಮೊದಲಿನಿಂದ ಮಾಡಬೇಕು.

ಕ್ರೆಡಿಟ್ ಇಲ್ಲದ ಕಡ್ಡಾಯ ವಿಷಯಗಳು, ಪಾಸ್ ಆದರೆ ಸಾಕು ಎನ್ನುವಂಥವು, ಲೆಕ್ಕಕ್ಕೆ ಬರುವುದಿಲ್ಲ. ಮೇಲೂ ಸೇರಿಸಬೇಡಿ, ಕೆಳಗೂ ಸೇರಿಸಬೇಡಿ.

### ರಿವ್ಯಾಲ್ಯುಯೇಶನ್‌ಗೆ ದುಡ್ಡು ಕಟ್ಟುವ ಮುಂಚೆ

ಈ ಪಟ್ಟಿಯನ್ನು ಇನ್ನೊಮ್ಮೆ ನೋಡಿ. ಗಣಿತದಲ್ಲಿ 72 ಬಂದವಳಿಗೆ ಮರುಮೌಲ್ಯಮಾಪನದಲ್ಲಿ ಏಳು ಅಂಕ ಏರಿ 79 ಆದರೂ ಪಾಯಿಂಟ್ ಎಂಟೇ. ಎಸ್‌ಜಿಪಿಎ ಕೂದಲೆಳೆಯಷ್ಟೂ ಅಲುಗುವುದಿಲ್ಲ. ಅದೇ ಕಂಪ್ಯೂಟರ್ ಆರ್ಗನೈಸೇಶನ್‌ನ 59ಕ್ಕೆ ಒಂದೇ ಒಂದು ಅಂಕ ಸೇರಿದರೆ ಪಾಯಿಂಟ್ 7 ಆಗಿ, ಮೊತ್ತ 158ಕ್ಕೇರಿ, ಎಸ್‌ಜಿಪಿಎ 7.90 ಆಗುತ್ತದೆ. ಡೇಟಾ ಸ್ಟ್ರಕ್ಚರ್ಸ್‌ನ 68ಕ್ಕೆ ಎರಡು ಅಂಕ ಸೇರಿದರೆ ಇನ್ನೂ ಲಾಭ: ನಾಲ್ಕು ಕ್ರೆಡಿಟ್ ಇರುವುದರಿಂದ 159 ÷ 20 = 7.95. ಯಾವ ವಿಷಯಕ್ಕೆ ಅರ್ಜಿ ಹಾಕಬೇಕೆಂದು ತೀರ್ಮಾನಿಸುವಾಗ "ಎಲ್ಲಿ ಕಡಿಮೆ ಬಂದಿದೆ" ಎಂದು ನೋಡುವ ಬದಲು "ಎಲ್ಲಿ ಮೆಟ್ಟಿಲಿಗೆ ಹತ್ತಿರ ಇದ್ದೇನೆ, ಅದಕ್ಕೆ ಎಷ್ಟು ಕ್ರೆಡಿಟ್" ಎಂದು ನೋಡಿ. ಫೇಲಾದವರ ಮಾತು ಬೇರೆ, ಅವರಿಗೆ ಪಾಸಾಗುವುದೇ ಮೆಟ್ಟಿಲು.

## ಸಿಜಿಪಿಎ: ಎಲ್ಲ ಸೆಮಿಸ್ಟರ್ ಸೇರಿ

ನಾಲ್ಕು ಸೆಮಿಸ್ಟರ್ ಮುಗಿದಿವೆ ಎಂದಿಟ್ಟುಕೊಳ್ಳೋಣ. ಮೊದಲನೆಯದರಲ್ಲಿ 20 ಕ್ರೆಡಿಟ್‌ಗೆ 6.90, ಎರಡನೆಯದರಲ್ಲಿ 20ಕ್ಕೆ 7.30, ಮೂರನೆಯದರಲ್ಲಿ 20ಕ್ಕೆ 7.75, ನಾಲ್ಕನೆಯದರಲ್ಲಿ 22ಕ್ಕೆ 8.50. ಪ್ರತಿ ಎಸ್‌ಜಿಪಿಎಯನ್ನು ಆ ಸೆಮಿಸ್ಟರಿನ ಕ್ರೆಡಿಟ್‌ನಿಂದ ಗುಣಿಸಿದರೆ ಕ್ರಮವಾಗಿ 138, 146, 155, 187. ಮೊತ್ತ 626. ಒಟ್ಟು ಕ್ರೆಡಿಟ್ 82. 626 ÷ 82 = 7.63.

ನಾಲ್ಕು ಎಸ್‌ಜಿಪಿಎಗಳನ್ನು ಸುಮ್ಮನೆ ಕೂಡಿಸಿ ನಾಲ್ಕರಿಂದ ಭಾಗಿಸಿದರೆ 7.61 ಬರುತ್ತದೆ. ಇಲ್ಲಿ ವ್ಯತ್ಯಾಸ ಸಣ್ಣದು, ಏಕೆಂದರೆ ಕ್ರೆಡಿಟ್‌ಗಳು ಹೆಚ್ಚುಕಡಿಮೆ ಸಮ. ಇಂಟರ್ನ್‌ಶಿಪ್, ಪ್ರಾಜೆಕ್ಟ್ ಇರುವ ಕೊನೆಯ ಸೆಮಿಸ್ಟರುಗಳಲ್ಲಿ ಕ್ರೆಡಿಟ್‌ಗಳು ಏರುಪೇರಾದಾಗ ಅಂತರ ದೊಡ್ಡದಾಗುತ್ತದೆ. ಕಟಾಫ್‌ನ ಅಂಚಿನಲ್ಲಿ ಇರುವವರಿಗಂತೂ 0.02 ಕೂಡ ಸಣ್ಣದಲ್ಲ.

ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಸೇರಿದವರ ಲೆಕ್ಕ ಮೂರನೇ ಸೆಮಿಸ್ಟರಿನಿಂದ ಶುರುವಾಗುತ್ತದೆ. ಡಿಪ್ಲೊಮಾದ ಅಂಕಗಳನ್ನು ಇದರೊಳಗೆ ತರುವ ಪ್ರಶ್ನೆಯೇ ಇಲ್ಲ.

### ಗುರಿ ಇಟ್ಟುಕೊಂಡು ಹಿಂದಕ್ಕೆ ಲೆಕ್ಕ

ಇದೇ ಸೂತ್ರವನ್ನು ತಿರುಗಿಸಿದರೆ ಮುಂದೆ ಎಷ್ಟು ಬೇಕು ಎಂಬುದು ಸಿಗುತ್ತದೆ. ಇಡೀ ಪದವಿಗೆ 160 ಕ್ರೆಡಿಟ್, ಕೊನೆಗೆ 7.75 ಬೇಕು ಎಂದರೆ ಒಟ್ಟು 160 × 7.75 = 1240 ಪಾಯಿಂಟ್ ಬೇಕು. ಕೈಯಲ್ಲಿ 626 ಇದೆ, ಉಳಿದದ್ದು 614. ಉಳಿದ ಕ್ರೆಡಿಟ್ 78. 614 ÷ 78 = 7.87. ಅಂದರೆ ಮುಂದಿನ ಸೆಮಿಸ್ಟರುಗಳಲ್ಲಿ ಸರಾಸರಿ 7.87 ತೆಗೆಯಬೇಕು. ಆಗುವ ಮಾತು. ಅದೇ 8.5 ಬೇಕೆಂದರೆ 1360 ಪಾಯಿಂಟ್, ಉಳಿದದ್ದು 734, ಸರಾಸರಿ 9.41. ಮೊದಲ ವರ್ಷ ಮೈಮರೆತವರು ಈ ಲೆಕ್ಕವನ್ನು ಮೂರನೇ ಸೆಮಿಸ್ಟರಿನಲ್ಲೇ ಮಾಡಿಕೊಂಡರೆ ಒಳ್ಳೆಯದು. ಏಳನೇ ಸೆಮಿಸ್ಟರಿನಲ್ಲಿ ಮಾಡಿದರೆ ನಿಟ್ಟುಸಿರು ಬಿಟ್ಟರೆ ಬೇರೆ ಉಪಯೋಗವಿಲ್ಲ.

## ಈಗ ಶೇಕಡಾ ಪ್ರಶ್ನೆ

ಮೇಲಿನ ಮೂರನೇ ಸೆಮಿಸ್ಟರಿನ ಕಾರ್ಡಿಗೇ ಹಿಂತಿರುಗಿ. ಅಲ್ಲಿ ಅಂಕಗಳೂ ಇವೆ, ಪಾಯಿಂಟೂ ಇದೆ. ಹಾಗಾಗಿ ನಿಜವಾದ ಶೇಕಡಾ ಎಷ್ಟೆಂದು ನೇರವಾಗಿ ನೋಡಬಹುದು.

ಎಂಟು ವಿಷಯಗಳ ಅಂಕ ಕೂಡಿಸಿ 800ಕ್ಕೆ ಲೆಕ್ಕ ಹಾಕಿದರೆ 613, ಅಂದರೆ 76.63%. ಪ್ರತಿ ಅಂಕಕ್ಕೂ ಕ್ರೆಡಿಟ್‌ನ ತೂಕ ಕೊಟ್ಟು ಲೆಕ್ಕ ಹಾಕಿದರೆ 1433 ÷ 20, ಅಂದರೆ 71.65%. ಎಸ್‌ಜಿಪಿಎ 7.75ರಿಂದ ಹೊರಟರೆ ಹತ್ತರ ಸೂತ್ರದಲ್ಲಿ 77.5%, 9.5ರ ಸೂತ್ರದಲ್ಲಿ 73.63%, 0.75 ಕಳೆಯುವ ಸೂತ್ರದಲ್ಲಿ 70%. ಒಬ್ಬಳೇ ವಿದ್ಯಾರ್ಥಿನಿ, ಒಂದೇ ಕಾರ್ಡ್, ಐದು ಶೇಕಡಾ.

ಏಕೆ ಹೀಗೆ? ಅಂಕದಿಂದ ಗ್ರೇಡ್ ಪಾಯಿಂಟಿಗೆ ಹೋಗುವಾಗ ಮಾಹಿತಿ ಕಳೆದುಹೋಗುತ್ತದೆ. 60 ತೆಗೆದವನಿಗೂ 69 ತೆಗೆದವನಿಗೂ 7 ಪಾಯಿಂಟ್. ವಾಪಸ್ ಬರುವಾಗ ಆ 7 ಅನ್ನು 60 ಎನ್ನಬೇಕೋ 69 ಎನ್ನಬೇಕೋ ಯಾರಿಗೂ ತಿಳಿಯದು. ಸಕ್ಕರೆ ಕರಗಿದ ಚಹಾದಿಂದ ಎಷ್ಟು ಚಮಚ ಹಾಕಿದ್ದರೆಂದು ಹೇಳಿದ ಹಾಗೆ, ಅಂದಾಜಷ್ಟೇ ಸಾಧ್ಯ. ಹತ್ತರಿಂದ ಗುಣಿಸುವುದೆಂದರೆ 60ರಿಂದ 69ರ ಒಳಗಿನ ಎಲ್ಲರಿಗೂ 70 ಕೊಟ್ಟಂತೆ, ಯಾರೂ ತೆಗೆಯದಷ್ಟು. 10 ಅಂಕ ಅಗಲದ ಮೆಟ್ಟಿಲಿನಲ್ಲಿ ನಡುಬಿಂದು ಹಿಡಿದರೆ 0.5 ಕಳೆದು ಹತ್ತರಿಂದ ಗುಣಿಸಬೇಕು: 7ಕ್ಕೆ 65. 0.75 ಕಳೆಯುವ ಸೂತ್ರ 62.5 ಕೊಡುತ್ತದೆ, ನಡುಬಿಂದುವಿಗಿಂತ ತುಸು ಕೆಳಗೆ. ಅಂದರೆ ಹತ್ತರ ಸೂತ್ರ ಉದಾರಿ, 0.75ರದ್ದು ಸ್ವಲ್ಪ ಜಿಪುಣ. ಇದಕ್ಕೊಂದು ವಿಚಿತ್ರ ಪರಿಣಾಮವೂ ಇದೆ. ಎಲ್ಲ ವಿಷಯಗಳಲ್ಲೂ ನೂರಕ್ಕೆ ನೂರು ತೆಗೆದು 10 ಸಿಜಿಪಿಎ ಗಳಿಸಿದವರಿಗೂ ಆ ಸೂತ್ರದ ಪ್ರಕಾರ 92.5% ಮಾತ್ರ.

### 0.75 ಎಲ್ಲಿಯದು

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2015, 2017 ಮತ್ತು 2018ರ ಸ್ಕೀಮ್‌ಗಳಿಗೆ ಅನ್ವಯವಾಗುವ ಸೂತ್ರ ಇದು:

ಶೇಕಡಾ = (ಸಿಜಿಪಿಎ − 0.75) × 10

ತಾಂತ್ರಿಕ ಶಿಕ್ಷಣದ ರಾಷ್ಟ್ರೀಯ ಮಂಡಳಿ ಎಐಸಿಟಿಇಯ ನಿಯಮಾವಳಿಯಲ್ಲಿ ಕೊಟ್ಟ ಸಮಾನತೆಯ ಪಟ್ಟಿಯೂ ಇದನ್ನೇ ಹೇಳುತ್ತದೆ: 6.25ಕ್ಕೆ 55%, 6.75ಕ್ಕೆ 60%, 7.25ಕ್ಕೆ 65%, 7.75ಕ್ಕೆ 70%, 8.25ಕ್ಕೆ 75%. ಪ್ರಥಮ ದರ್ಜೆ ಎಂದರೆ 6.75, ಡಿಸ್ಟಿಂಕ್ಷನ್ ಎಂದರೆ 7.75 ಎಂದು ಎಂಜಿನಿಯರಿಂಗ್ ಹುಡುಗರು ಬಾಯಿಪಾಠ ಮಾಡಿಕೊಂಡಿರುವುದರ ಮೂಲವೂ ಇದೇ ನಂಟು.

ಈ ಸೂತ್ರವನ್ನು ನಮ್ಮ 7.63ಕ್ಕೆ ಹಾಕಿದರೆ: 7.63 − 0.75 = 6.88, ಹತ್ತರಿಂದ ಗುಣಿಸಿ 68.8%. ಮೊದಲು ಕಳೆಯಬೇಕು, ಆಮೇಲೆ ಗುಣಿಸಬೇಕು. ಕ್ಯಾಲ್ಕುಲೇಟರಿನಲ್ಲಿ ಅವಸರವಾಗಿ ಒತ್ತಿ 76.3ರಿಂದ 0.75 ಕಳೆದು 75.55 ಎಂದು ಬರೆಯುವವರಿದ್ದಾರೆ, ಜೋಕೆ.

ಆಮೇಲಿನ ಸ್ಕೀಮ್‌ಗಳಲ್ಲಿ ಓದಿದವರು ಸೀನಿಯರ್‌ಗಳ ಸೂತ್ರವನ್ನು ಹಾಗೇ ಎತ್ತಿಕೊಳ್ಳಬಾರದು. ಸೂತ್ರ ಅಂಟಿಕೊಂಡಿರುವುದು ಸ್ಕೀಮ್‌ಗೆ, ವಿಶ್ವವಿದ್ಯಾಲಯದ ಹೆಸರಿಗಲ್ಲ. ನಿಮ್ಮ ಪ್ರವೇಶದ ವರ್ಷಕ್ಕೆ ಯಾವ ಸ್ಕೀಮ್ ಎಂದು ಗುರುತಿಸಿ ಅದರ ನಿಯಮಾವಳಿಯನ್ನೇ ತೆರೆಯಿರಿ. ಸ್ವಾಯತ್ತ ಕಾಲೇಜುಗಳವರಿಗೆ ಇನ್ನೊಂದು ಎಚ್ಚರಿಕೆ: ಪದವಿ ಕೊಡುವುದು ವಿಶ್ವವಿದ್ಯಾಲಯವೇ ಆದರೂ ಪರೀಕ್ಷೆ, ಗ್ರೇಡಿಂಗ್ ಕಾಲೇಜಿನದು. ಕೆಲವೆಡೆ ತರಗತಿಯ ಸರಾಸರಿಗೆ ಹೋಲಿಸಿ ಗ್ರೇಡ್ ಕೊಡುವ ಪದ್ಧತಿಯಿದೆ. ಅಲ್ಲಿ 9 ಪಾಯಿಂಟ್ ಎಂದರೆ 80 ದಾಟಿದೆ ಎಂದು ಅರ್ಥವೇ ಅಲ್ಲ.

### 9.5 ಎಲ್ಲಿಯದು

ಇದು ಮೂಲತಃ ವಿಶ್ವವಿದ್ಯಾಲಯದ ಸೂತ್ರವಲ್ಲ. ಸಿಬಿಎಸ್‌ಇ ಹತ್ತನೇ ತರಗತಿಗೆ ಸಿಸಿಇ (ನಿರಂತರ ಮತ್ತು ಸಮಗ್ರ ಮೌಲ್ಯಮಾಪನ) ಪದ್ಧತಿ ಇದ್ದ ಕಾಲದಲ್ಲಿ, ಬೋರ್ಡು ತನ್ನ ಸಿಜಿಪಿಎಗೆ ಸೂಚಿಸಿದ್ದ ಗುಣಕ. 91ರಿಂದ 100ರ ನಡುವಿನ ಗ್ರೇಡ್ ಪಡೆದವರ ಸರಾಸರಿ ಅಂಕ ಸುಮಾರು 95 ಎಂದು ಕಂಡು, ಅದನ್ನು ಹತ್ತರಿಂದ ಭಾಗಿಸಿ 9.5 ಮಾಡಿದ್ದರು. ಆ ಪದ್ಧತಿ 2017ರಲ್ಲೇ ಮುಗಿಯಿತು. ಆದರೂ ಗೂಗಲ್‌ನಲ್ಲಿ "ಸಿಜಿಪಿಎ ಟು ಪರ್ಸೆಂಟೇಜ್" ಎಂದು ಹುಡುಕಿದರೆ ಮೊದಲು ಎದುರಾಗುವುದು ಬಹುತೇಕ ಇದೇ. ನಿಮ್ಮ ವಿಶ್ವವಿದ್ಯಾಲಯ ಲಿಖಿತವಾಗಿ 9.5 ಎಂದು ಹೇಳದ ಹೊರತು ಇದನ್ನು ಮುಟ್ಟಬೇಡಿ.

### ಹತ್ತು ಯಾವಾಗ ಸರಿ

ಚೆನ್ನೈನ ಅಣ್ಣಾ ವಿಶ್ವವಿದ್ಯಾಲಯ ಸೇರಿದಂತೆ ಹಲವೆಡೆ ಅಧಿಕೃತ ಸೂತ್ರವೇ ಸಿಜಿಪಿಎ × 10. ಅಲ್ಲಿ ಓದಿದವರು ಸಂಕೋಚವಿಲ್ಲದೆ ಹಾಗೆಯೇ ಬರೆಯಬಹುದು.

ಬಿ.ಎ., ಬಿ.ಕಾಂ., ಬಿ.ಎಸ್ಸಿ. ಓದುವವರು ಕಾರ್ಡಿನಲ್ಲಿ ಇನ್ನೊಂದು ವಿಷಯ ಗಮನಿಸಬೇಕು. ಗ್ರೇಡ್ ಪಾಯಿಂಟ್‌ಗಳು 7, 8, 9 ಎಂದು ಇಡಿಯಾಗಿವೆಯೋ, 7.2, 6.8 ಎಂದು ದಶಮಾಂಶದಲ್ಲಿವೆಯೋ? ದಶಮಾಂಶದಲ್ಲಿದ್ದರೆ ಬಹುಶಃ ಅಂಕವನ್ನೇ ಹತ್ತರಿಂದ ಭಾಗಿಸಿ ಪಾಯಿಂಟ್ ಮಾಡಿದ್ದಾರೆ: 72ಕ್ಕೆ 7.2. ಹಾಗಿದ್ದಲ್ಲಿ ಮೆಟ್ಟಿಲಿನ ಸಮಸ್ಯೆಯೇ ಇಲ್ಲ, ಮಾಹಿತಿ ಕಳೆದಿಲ್ಲ, ಹತ್ತರಿಂದ ಗುಣಿಸಿದರೆ ಕ್ರೆಡಿಟ್ ತೂಕದ ನಿಜವಾದ ಶೇಕಡಾವೇ ಸಿಗುತ್ತದೆ. ಒಂದೆರಡು ವಿಷಯಗಳ ಅಂಕವನ್ನು ಪಾಯಿಂಟಿನ ಪಕ್ಕ ಇಟ್ಟು ನೋಡಿದರೆ ಅರ್ಧ ನಿಮಿಷದಲ್ಲಿ ಖಚಿತವಾಗುತ್ತದೆ.

ಪದವಿ ಕಾಲೇಜುಗಳ ಮಟ್ಟಿಗೆ ಕರ್ನಾಟಕದಲ್ಲಿ ಇತ್ತೀಚೆಗೆ ಸ್ಕೀಮ್‌ಗಳ ಗೊಂದಲ ಹೆಚ್ಚು. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಪ್ರಕಾರ ನಾಲ್ಕು ವರ್ಷದ ಆನರ್ಸ್ ವ್ಯವಸ್ಥೆ ಬಂತು. ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿಯ ನಂತರ 2024-25ರಿಂದ ಮತ್ತೆ ಮೂರು ವರ್ಷದ ಪದವಿಗೆ ಮರಳಲಾಯಿತು. ಒಂದೇ ಕಾಲೇಜಿನಲ್ಲಿ ಅಕ್ಕ ಮತ್ತು ತಂಗಿ ಬೇರೆ ಬೇರೆ ಪಠ್ಯಕ್ರಮ, ಬೇರೆ ಬೇರೆ ಕ್ರೆಡಿಟ್ ಹಂಚಿಕೆಯಲ್ಲಿ ಓದಿರುವ ಮನೆಗಳಿವೆ. ಅಕ್ಕನ ಕಾರ್ಡ್ ನೋಡಿ ತಂಗಿಯ ಲೆಕ್ಕ ಮಾಡುವ ಹಾಗಿಲ್ಲ.

## ನಿಮ್ಮ ಸೂತ್ರ ಹುಡುಕುವ ಕ್ರಮ

ಮೊದಲು ಮಾರ್ಕ್ಸ್ ಕಾರ್ಡಿನ ಹಿಂಬದಿ ನೋಡಿ. ಗ್ರೇಡ್ ಪಟ್ಟಿಯ ಜೊತೆಗೆ ಪರಿವರ್ತನೆಯ ಸಾಲು ಅಲ್ಲೇ ಇರುವುದು ಸಾಕಷ್ಟು ಕಡೆ ಉಂಟು, ನಾವು ತಿರುಗಿಸಿ ನೋಡಿರುವುದಿಲ್ಲ ಅಷ್ಟೆ. ಅಲ್ಲಿ ಇಲ್ಲದಿದ್ದರೆ ನಿಮ್ಮ ಸ್ಕೀಮ್‌ನ ನಿಯಮಾವಳಿ, ಅದಾದ ಮೇಲೆ ವಿಶ್ವವಿದ್ಯಾಲಯದ ಸುತ್ತೋಲೆಗಳು. ಎಲ್ಲೂ ಸಿಗದಿದ್ದರೆ ಕುಲಸಚಿವರ (ಮೌಲ್ಯಮಾಪನ) ಕಚೇರಿಗೆ ಪರಿವರ್ತನಾ ಪ್ರಮಾಣಪತ್ರಕ್ಕೆ ಅರ್ಜಿ ಹಾಕಬೇಕು. ಪರಿವರ್ತನೆಯೇ ಇಲ್ಲ, ಸಿಜಿಪಿಎಯನ್ನು ಹಾಗೇ ಒಪ್ಪಿಕೊಳ್ಳಿ ಎನ್ನುವ ಸಂಸ್ಥೆಗಳೂ ಇವೆ. ಹಾಗಿದ್ದರೆ ಆ ಮಾತನ್ನೇ ಪತ್ರದಲ್ಲಿ ಬರೆಸಿಕೊಳ್ಳಿ.

ಇನ್ನೊಂದು ಕಡೆಯಿಂದಲೂ ನೋಡಬೇಕು: ಅರ್ಜಿ ಕರೆದವರು ಏನು ಹೇಳಿದ್ದಾರೆ? ಕೆಲವು ಅಧಿಸೂಚನೆಗಳು ‘ನಿಮ್ಮ ವಿಶ್ವವಿದ್ಯಾಲಯದ ಸೂತ್ರ ಬಳಸಿ’ ಎನ್ನುತ್ತವೆ, ಕೆಲವು ತಮ್ಮದೇ ಸೂತ್ರ ಕೊಡುತ್ತವೆ. ಅಧಿಸೂಚನೆಯಲ್ಲಿ ಸೂತ್ರ ಅಚ್ಚಾಗಿದ್ದರೆ ಆ ಅರ್ಜಿಯ ಮಟ್ಟಿಗೆ ಅದೇ ಅಂತಿಮ. ‘ಒಟ್ಟು ಅಂಕಗಳು’ ಮತ್ತು ‘ಗರಿಷ್ಠ ಅಂಕಗಳು’ ಎಂದು ಎರಡು ಖಾನೆ ಇದ್ದರೆ ಅವರು ಕೇಳುತ್ತಿರುವುದು ನಿಜವಾದ ಅಂಕ, ಸಿಜಿಪಿಎ ಅಲ್ಲ. ಆಗ ಕಾರ್ಡ್‌ಗಳಿಂದ ಅಂಕಗಳನ್ನು ಕೂಡಿಸಬೇಕು.

## ಫಾರ್ಮ್ ತುಂಬುವಾಗ

ಸ್ನಾತಕೋತ್ತರ ಕೋರ್ಸ್‌ಗಳ ಪ್ರವೇಶ ಪರೀಕ್ಷೆ ಪಿಜಿಸಿಇಟಿಗೆ ಬೇಕಾದ ಕನಿಷ್ಠ ಅಂಕ ಸಾಮಾನ್ಯವಾಗಿ 50%, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಪ್ರವರ್ಗ-1ರವರಿಗೆ 45%. ಸಹಾಯಕ ಪ್ರಾಧ್ಯಾಪಕರ ಅರ್ಹತಾ ಪರೀಕ್ಷೆಯಾದ ಯುಜಿಸಿ ನೆಟ್‌ಗೆ ಸ್ನಾತಕೋತ್ತರ ಪದವಿಯಲ್ಲಿ 55%, ಮೀಸಲು ವರ್ಗಗಳಿಗೆ 50%, ಅದೂ ದಶಮಾಂಶವನ್ನು ಮೇಲಕ್ಕೆ ಏರಿಸದೆ. 54.99 ಇದ್ದರೆ 54.99, ಅದು 55 ಆಗುವುದಿಲ್ಲ. ಕ್ಯಾಂಪಸ್ ಸಂದರ್ಶನಕ್ಕೆ ಬರುವ ಅನೇಕ ಕಂಪನಿಗಳದ್ದು "ಹತ್ತನೇ ತರಗತಿಯಿಂದ ಡಿಗ್ರಿವರೆಗೆ ಎಲ್ಲದರಲ್ಲೂ 60" ಎಂಬ ಗೆರೆ.

ಈ ಗೆರೆಗಳ ಬಳಿ ಸೂತ್ರದ ಬೆಲೆ ತಿಳಿಯುತ್ತದೆ. 6.5 ಸಿಜಿಪಿಎ ಇರುವವರು ಹತ್ತರ ಸೂತ್ರದವರಾದರೆ 65%, ಒಳಗೆ. 0.75ರ ಸೂತ್ರದವರಾದರೆ 57.5%, ಹೊರಗೆ. ಅರ್ಹತೆ ಹೀಗೆ ಸೂತ್ರದ ಮೇಲೆ ತೂಗುವುದು ನ್ಯಾಯವಲ್ಲ ಎಂದು ನನಗೂ ಅನ್ನಿಸುತ್ತದೆ. ಹಾಗೆಂದು ಇನ್ನೊಂದು ವಿಶ್ವವಿದ್ಯಾಲಯದ ಸೂತ್ರವನ್ನು ಎರವಲು ತಂದು ಹಾಕಿದರೆ ಆಫರ್ ಲೆಟರ್ ಬಂದ ಮೇಲೂ ಅದು ಕೈತಪ್ಪಬಹುದು. ಹಿನ್ನೆಲೆ ಪರಿಶೀಲನೆ ಮಾಡುವವರು ನೋಡುವುದು ಕಾರ್ಡನ್ನೂ ನಿಮ್ಮ ವಿಶ್ವವಿದ್ಯಾಲಯದ ನಿಯಮವನ್ನೂ. ಫಾರ್ಮಿನಲ್ಲಿ ಸಿಜಿಪಿಎ ಆಯ್ಕೆ ಇದ್ದರೆ ಸಿಜಿಪಿಎಯನ್ನೇ ಕೊಡಿ, ಪರಿವರ್ತನೆಯ ತಾಪತ್ರಯವನ್ನು ಅವರಿಗೇ ಬಿಡಿ.

ಪ್ರತಿ ಸೆಮಿಸ್ಟರಿನ ಎಸ್‌ಜಿಪಿಎಯನ್ನು ಬೇರೆ ಬೇರೆ ಶೇಕಡಾ ಮಾಡಿ ಆಮೇಲೆ ಅವುಗಳ ಸರಾಸರಿ ತೆಗೆಯುವವರೂ ಇದ್ದಾರೆ. ನಮ್ಮ ನಾಲ್ಕು ಸೆಮಿಸ್ಟರಿಗೆ ಹಾಗೆ ಮಾಡಿದರೆ 68.8ರ ಬದಲು 68.63 ಬರುತ್ತದೆ. ಪರಿವರ್ತನೆ ಒಂದೇ ಸಲ, ಕೊನೆಯ ಸಿಜಿಪಿಎ ಮೇಲೆ ಮಾತ್ರ.

## ವಿದೇಶಕ್ಕೆ ಅರ್ಜಿ ಹಾಕುವವರಿಗೆ

ಜರ್ಮನಿಯ ಅಂಕ ಪದ್ಧತಿ ತಲೆಕೆಳಗು: 1 ಅತ್ಯುತ್ತಮ, 4 ಪಾಸಿನ ಕೊನೆಯ ಗೆರೆ. ಅಲ್ಲಿ ಬಳಕೆಯಲ್ಲಿರುವುದು ಪರಿಷ್ಕೃತ ಬವೇರಿಯನ್ ಸೂತ್ರ:

ಜರ್ಮನ್ ಗ್ರೇಡ್ = 1 + 3 × (ಗರಿಷ್ಠ − ನಿಮ್ಮದು) ÷ (ಗರಿಷ್ಠ − ಪಾಸಿಗೆ ಕನಿಷ್ಠ)

7.63ಕ್ಕೆ, ಗರಿಷ್ಠ 10, ಕನಿಷ್ಠ 4 ಹಿಡಿದರೆ: 2.37 ÷ 6 = 0.395, ಮೂರರಿಂದ ಗುಣಿಸಿ 1 ಕೂಡಿದರೆ 2.19. ಕನಿಷ್ಠ 5 ಎಂದು ಹಿಡಿದರೆ 2.42. ಮೊದಲು ಶೇಕಡಾ ಮಾಡಿ, 68.8 ಮತ್ತು ಕನಿಷ್ಠ 40 ಹಾಕಿದರೆ 2.56. ಗೆರೆ 2.5 ಇಟ್ಟಿರುವ ಕೋರ್ಸ್‌ಗಳಿಗೆ ಅರ್ಜಿ ಹಾಕುವವರಿಗೆ 2.19ಕ್ಕೂ 2.56ಕ್ಕೂ ಇರುವ ವ್ಯತ್ಯಾಸ ದೊಡ್ಡದು. ಹಾಗಾಗಿ ಅಲ್ಲಿನ ವಿಶ್ವವಿದ್ಯಾಲಯ ಹತ್ತರ ಮಾಪನವನ್ನೇ ಒಪ್ಪುವಾಗ ಶೇಕಡಾಕ್ಕೆ ಇಳಿದು ಅಲ್ಲಿಂದ ಜರ್ಮನ್ ಗ್ರೇಡಿಗೆ ಹೋಗಬೇಡಿ, ಎರಡು ಸಲ ನಷ್ಟ. ಕನಿಷ್ಠ ಯಾವುದು ಎಂಬುದನ್ನು ನಿಮ್ಮ ಗ್ರೇಡ್ ಕಾರ್ಡ್ ಮತ್ತು ನಿಯಮಾವಳಿ ನೋಡಿ ಅಲ್ಲಿನವರು ತೀರ್ಮಾನಿಸುತ್ತಾರೆ. ನೀವು ಮಾಡಿದ್ದು ಅಂದಾಜು ಎಂದೇ ಇಟ್ಟುಕೊಳ್ಳಿ.

ಅಮೆರಿಕದ ನಾಲ್ಕರ ಮಾಪನಕ್ಕೆ 7.63 ÷ 10 × 4 = 3.05 ಎಂದು ಲೆಕ್ಕ ಮಾಡುವುದು ನಮ್ಮಲ್ಲಿ ಪ್ರಸಿದ್ಧ. ಬೇರೆ ದೇಶದ ಪದವಿಗಳನ್ನು ಅಲ್ಲಿನ ಮಾಪನಕ್ಕೆ ತೂಗಿ ನೋಡುವ ಡಬ್ಲ್ಯುಇಎಸ್‌ನಂಥ ಮೌಲ್ಯಮಾಪನ ಸಂಸ್ಥೆಗಳು ಹಾಗೆ ಮಾಡುವುದಿಲ್ಲ. ಅವು ಒಂದೊಂದು ವಿಷಯದ ಗ್ರೇಡನ್ನೂ ಪ್ರತ್ಯೇಕವಾಗಿ ಪರಿವರ್ತಿಸಿ, ಕ್ರೆಡಿಟ್ ತೂಕ ಹಾಕಿ, ಆಮೇಲೆ ಸರಾಸರಿ ತೆಗೆಯುತ್ತವೆ. ಬರುವ ಸಂಖ್ಯೆ 3.05ಕ್ಕಿಂತ ಸಾಕಷ್ಟು ಬೇರೆಯಾಗಬಹುದು. ಫಾರ್ಮಿನಲ್ಲಿ ‘ನಿಮ್ಮ ಸಂಸ್ಥೆಯ ಮಾಪನದಲ್ಲೇ ಕೊಡಿ’ ಎಂದಿದ್ದರೆ 7.63, ಮಾಪನ 10 ಎಂದು ಬರೆದು ಮುಂದೆ ಹೋಗಿ.

## ಜೊತೆಗಿಟ್ಟುಕೊಳ್ಳಬೇಕಾದ ಕಾಗದ

ಎಲ್ಲ ಸೆಮಿಸ್ಟರಿನ ಕಾರ್ಡ್‌ಗಳ ಎರಡೂ ಬದಿಯ ಸ್ಕ್ಯಾನ್, ಬ್ಯಾಕ್ ಕ್ಲಿಯರ್ ಆದ ಮೇಲಿನ ಹೊಸ ಕಾರ್ಡ್, ನಿಮ್ಮ ಸ್ಕೀಮ್‌ನ ನಿಯಮಾವಳಿಯಲ್ಲಿ ಸೂತ್ರವಿರುವ ಪುಟ, ಸಿಕ್ಕಿದ್ದರೆ ಪರಿವರ್ತನಾ ಪ್ರಮಾಣಪತ್ರ. ಪ್ರಮಾಣಪತ್ರದಲ್ಲಿ ಸೂತ್ರ ಮಾತ್ರ ಇದೆಯೋ, ನಿಮ್ಮ ಹೆಸರು, ಯುಎಸ್‌ಎನ್ (ವಿಶ್ವವಿದ್ಯಾಲಯದ ನೋಂದಣಿ ಸಂಖ್ಯೆ), ಸಿಜಿಪಿಎ ಮತ್ತು ಅದರ ಶೇಕಡಾ ಕೂಡ ಇದೆಯೋ ನೋಡಿ. ಸರ್ಕಾರಿ ನೇಮಕಾತಿಯ ದಾಖಲೆ ಪರಿಶೀಲನೆಗೆ ಎರಡನೆಯ ಬಗೆಯದು ಹೆಚ್ಚು ಅನುಕೂಲ. ಅರ್ಜಿ ಹಾಕಿ ಕೈಗೆ ಬರಲು ಸಮಯ ಹಿಡಿಯುತ್ತದೆ. ಆದ್ದರಿಂದ ಅಧಿಸೂಚನೆಗೆ ಕಾಯದೆ, ಕೊನೆಯ ಸೆಮಿಸ್ಟರಿನ ಫಲಿತಾಂಶ ಬಂದ ಕೂಡಲೇ ಪದವಿ ಪ್ರಮಾಣಪತ್ರದ ಜೊತೆಗೇ ಇದಕ್ಕೂ ಅರ್ಜಿ ಹಾಕಿಬಿಡಿ.